ದಿವಾನಗಿರಿ ಬಿಟ್ಟು ಭದ್ರಾವತಿಗೆ



ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಸರ್ಕಾರಿ ನೌಕರನೊಬ್ಬ ಸಂಸ್ಥಾನದ ಆಡಳಿತದ ಚುಕ್ಕಾಣಿಯನ್ನೇ ಹಿಡಿದ ಬಗೆ ಇದು. ಹಿಂದುಳಿದವರ ಮೀಸಲಾತಿಯ ಪ್ರಶ್ನೆಯಲ್ಲಿ ಮಹಾರಾಜರೊಡನೆ ಒಮ್ಮತ ಮೂಡದೆ 1918ರಲ್ಲಿ ಅಧಿಕಾರ ಬಿಟ್ಟರು. ಆ ವಿಚಾರದಲ್ಲಿ ಕಾಲ ನಾಲ್ವಡಿ ಕೃಷ್ಣರಾಜ ಒಡೆಯರ ಪರ ನಿಂತಿತು. ಹಾಗೆ ನಿಂತದ್ದೇ ಸರಿ.

ನನ್ನನ್ನು ಹೆಚ್ಚು ತಟ್ಟುವುದು ಅದರ ಮುಂದಿನ ಕಥೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು, ಭದ್ರೆಯ ನೀರು, ಇವನ್ನೇ ನಂಬಿ ಕುಲುಮೆ ಹೊತ್ತಿಸಿದ್ದರು. ಅದಕ್ಕೆ ನಮ್ಮ ಕಾಡು ತೆತ್ತ ಬೆಲೆಯೂ ಸಣ್ಣದಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧದ ಕಾಲದ ಕಬ್ಬಿಣದ ಬೆಲೆ ಇಳಿದು ನಷ್ಟ ಸುತ್ತಿಕೊಂಡಿತು. ಮಹಾರಾಜರು ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಿದರು. ದಿವಾನರಾಗಿದ್ದವರು ಒಂದು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತರು. 1929ರವರೆಗೆ ಖರ್ಚು ವೆಚ್ಚ ತಿದ್ದುತ್ತ ಅದನ್ನು ದಡ ಸೇರಿಸಿದರು. ಆ ಸೇವೆಗೆ ಸಂದ ಹಣವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟು, ಅದಕ್ಕೆ ಮುಂದಿನ ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು.

ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕಿಳಿದರು. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಅಧಿಕಾರಿಗಳೇ, ಮಂತ್ರಿಗಳೇ, ದಾರಿಯಲ್ಲಿ ಒಮ್ಮೆ ಭದ್ರಾವತಿಯಲ್ಲಿ ಇಳಿಯಿರಿ, ಆ ಕಾರ್ಮಿಕರ ಮಾತು ಕೇಳಿಸಿಕೊಳ್ಳಿ.