ಬಡ್ಡಿ ಯಾರಿಗೆ ಇಳಿಯಿತು?
(ಕಡೂರು, ತರೀಕೆರೆ, ಅಜ್ಜಂಪುರದ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ನಮ್ಮ ಕೇರಿಗಳಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. ‘ಐದು ರೂಪಾಯಿ ಬಡ್ಡಿ’ ಅಂತಾರೆ. ನೂರಕ್ಕೆ ತಿಂಗಳಿಗೆ ಐದು, ವರ್ಷಕ್ಕೆ ಅರವತ್ತು. ಈ ಅರವತ್ತನ್ನು ನೆನಪಿಟ್ಟುಕೊಂಡು ಎರಡು ದೇಶಗಳ ಬ್ಯಾಂಕ್ ಬಡ್ಡಿ ನೋಡೋಣ.

ಅಮೆರಿಕದಲ್ಲಿ ಬೆಲೆ ಏರಿಕೆ ಹತ್ತಿಕ್ಕಲು ಬಡ್ಡಿ ಏರಿಸಿದರು. 1980ರ ಡಿಸೆಂಬರಿನಲ್ಲಿ ಅಲ್ಲಿನ ಬ್ಯಾಂಕುಗಳು ತೀರಾ ನಂಬಿಕೆಯ ದೊಡ್ಡ ಕಂಪನಿಗಳಿಗೆ ಹಾಕುತ್ತಿದ್ದ ದರವೇ ಶೇ. 21.5. ನಮ್ಮ ಸ್ಟೇಟ್ ಬ್ಯಾಂಕಿನ ಸಾಲದ ದರ ಆ ದಶಕದ ಬಹುಕಾಲ ಶೇ. 16.5. ಆಮೇಲೆ ತಕ್ಕಡಿ ತಿರುಗಿತು. ಅಲ್ಲಿ ಇಳಿಯಿತು. ಇಲ್ಲಿ 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ, ಎರಡು ಲಕ್ಷ ಮೀರಿದ ಸಾಲಕ್ಕೆ ಕನಿಷ್ಠ ಶೇ. 20 ಅಂತ ರಿಸರ್ವ್ ಬ್ಯಾಂಕು ಅಕ್ಟೋಬರಿನಲ್ಲಿ ಗೊತ್ತುಮಾಡಿತು. 2020ರ ನಡುವಿಗೆ ಅಮೆರಿಕದ ಆ ದರ 3.25, ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಮೂಲ ದರ 7.

ಎರಡೂ ಕಡೆ ಏರಿತು, ಇಳಿಯಿತು. ನಮ್ಮ ಅಜ್ಜಂದಿರು ಕೊಟ್ಟಿದ್ದು ಐದು ರೂಪಾಯಿ ಬಡ್ಡಿ. ನಮ್ಮ ಅವ್ವಂದಿರು ಕೊಡುತ್ತಿರುವುದೂ ಅದೇ. ಯಾಕೆ? ಬ್ಯಾಂಕಿನ ದರ ಬ್ಯಾಂಕಿನ ಒಳಗೆ ಕಾಲಿಟ್ಟವರಿಗೆ. ಅಲ್ಲಿ ಮೊದಲು ಕೇಳುವುದು ಪಹಣಿ, ಜಾಮೀನು. ತರೀಕೆರೆಯ ಅಡಿಕೆ ತೋಟ, ಕಡೂರಿನ ತೆಂಗಿನ ತೋಟ ಯಾರ ಹೆಸರಿನಲ್ಲಿವೆ? ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಕೂಲಿ ಮಾಡುವ ಅವ್ವ ಯಾವ ಪಹಣಿ ತೋರಿಸಬೇಕು?

ಕಾಗದದ ಮೇಲೆ ನಮಗೂ ಒಂದು ದರ ಇದೆ. 1972ರಲ್ಲೇ ತಂದ, ಕಡುಬಡವರಿಗೆ ಶೇ. 4ರ ಸಾಲ. ಬ್ಯಾಂಕಿನವರು ಡಿ.ಆರ್.ಐ. ಅಂತಾರೆ. ಸರ್ಕಾರಿ ಬ್ಯಾಂಕುಗಳು ತಮ್ಮ ಸಾಲದ ನೂರರಲ್ಲಿ ಒಂದು ಪಾಲು ಹೀಗೆ ಕೊಡಬೇಕು, ಅದರಲ್ಲಿ ಶೇ. 40 ಪರಿಶಿಷ್ಟ ಜಾತಿ, ಪಂಗಡಗಳಿಗೆ ಸಲ್ಲಬೇಕು ಅಂತ ಗುರಿ. ಅಮೆರಿಕದ ದೊಡ್ಡ ಕಂಪನಿ 21.5 ಕೊಡುತ್ತಿದ್ದ ದಿನವೂ ಇಲ್ಲಿ ಈ ನಾಲ್ಕು ಕಾಗದದಲ್ಲಿತ್ತು. ನಿಮ್ಮ ಕೇರಿಯ ಎಷ್ಟು ಮನೆಗೆ ಬಂತು?

ಈಗ ಮನೆ ಬಾಗಿಲಿಗೇ ಬರುವ ಸಾಲವೂ ಉಂಟು. ಹತ್ತು ಸಾವಿರ ಕೊಟ್ಟು, ತಿಂಗಳಿಗೆ ಸಾವಿರದಂತೆ 12 ಕಂತು ಕಟ್ಟಿಸಿಕೊಂಡು, ‘ಬಡ್ಡಿ ಬರೀ ಇಪ್ಪತ್ತು’ ಅಂದರೆ ತಲೆ ಆಡಿಸಬೇಡಿ. ತಿಂಗಳು ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಪೂರ್ತಿ ಹತ್ತು ಸಾವಿರದ ಮೇಲೇ ಹಾಕಿದ್ದಾರೆ. ನಿಜವಾದ ವಾರ್ಷಿಕ ದರ ಸುಮಾರು ಶೇ. 35.

2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಜನರಿಗೆ ಕೊಡುವ ಹೊಸ ಸಾಲಕ್ಕೆ ವಾರ್ಷಿಕ ದರ, ಶುಲ್ಕ ಎಲ್ಲ ಬರೆದ ವಿವರ ಪತ್ರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ಆಜ್ಞೆ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವನ ಟ್ರಂಕಿನಿಂದ ಸಾಲದ ಕಾಗದ ತೆಗೆದು ಓದಿ. ವಿವರ ಪತ್ರ ಇಲ್ಲದಿದ್ದರೆ ಹೋಗಿ ಕೇಳಿ. ಬ್ಯಾಂಕಿನಲ್ಲಿ ನಾಲ್ಕರ ಸಾಲ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಬರೆದುಕೊಡಿ ಅನ್ನಿ.

ಯಾವ ಮನೆ ಎಷ್ಟು ಬಡ್ಡಿ ಕಟ್ಟುತ್ತಿದೆ, ಬರೆದು ತನ್ನಿ. ಮುಂದಿನ ಸಭೆಯಲ್ಲಿ ಕೂತು ಲೆಕ್ಕ ಕೂಡೋಣ.