ಹಡಗೇ ಊರಾದ ಕಥೆ



ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಒಂದೊಂದಾಗಿ ಬರತೊಡಗುತ್ತವೆ. ಇಳಿದವರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡುತ್ತಾರೆ, ಸಂಜೆಗೆ ಮತ್ತೆ ಹಡಗು ಸೇರುತ್ತಾರೆ. ಮಂಗಳೂರು ಅವರಿಗೆ ದಾರಿಯಲ್ಲಿ ಸಿಕ್ಕ ಊರು, ಅಷ್ಟೆ. ಅವರು ಮನೆ ಬಿಟ್ಟು ಹೊರಟದ್ದು ಹಡಗಿಗಾಗಿ. ದಡ ಮುಟ್ಟಿಸಲೆಂದು ಹುಟ್ಟಿದ ಹಡಗು ತಾನೇ ಊರಾದದ್ದು ಹೇಗೆ ಎಂಬುದನ್ನು ಒಂದೇ ಹಡಗಿನ ಬದುಕನ್ನು ಹಿಡಿದು ಹೇಳುತ್ತೇನೆ. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ, ಮಣ್ಣಾದದ್ದು ನಮ್ಮ ಗುಜರಾತಿನಲ್ಲಿ.

1957ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಊರಿನ ಶಿಪ್‌ಯಾರ್ಡಿನಲ್ಲಿ ಒಂದು ಭಾರೀ ಹಡಗಿನ ತಳಗಟ್ಟು ಹಾಕಿದರು. ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಜನರನ್ನು ಒಯ್ಯುವ ಹಡಗದು. ಗ್ರಹಚಾರ ನೋಡಿ, ಮರುವರ್ಷವೇ, 1958ರಲ್ಲಿ, ಅದೇ ಅಟ್ಲಾಂಟಿಕ್ ಮೇಲೆ ಪ್ರಯಾಣಿಕರ ಜೆಟ್ ವಿಮಾನ ಹಾರಿತು. ಐದು ದಿನದ ದಾರಿ ಕೆಲವೇ ಗಂಟೆಗಳದ್ದಾಯಿತು. ಹಡಗಿನ ಕೆಲಸ ಮಾತ್ರ ನಿಲ್ಲಲಿಲ್ಲ. ಅದು ದೇಶದ ಮಾನದ ಪ್ರಶ್ನೆಯಾಗಿತ್ತು. 1960ರ ಮೇ ತಿಂಗಳಲ್ಲಿ ಅಧ್ಯಕ್ಷ ದ ಗಾಲ್ ಅವರ ಎದುರಿಗೆ ಅವರ ಪತ್ನಿ ಇವೋನ್ ಹಡಗನ್ನು ನೀರಿಗಿಳಿಸಿದರು. ಅದಕ್ಕಿಟ್ಟ ಹೆಸರು 'ಫ್ರಾನ್ಸ್'. ಉದ್ದ 315 ಮೀಟರಿಗೂ ಹೆಚ್ಚು. 2004ರ ತನಕ ಅಷ್ಟುದ್ದದ ಪ್ರಯಾಣಿಕ ಹಡಗು ಇನ್ನೊಂದು ಓಡಿರಲಿಲ್ಲ.

ಅದನ್ನು ಕಟ್ಟಿದ ಬಗೆಯನ್ನು ಸ್ವಲ್ಪ ಗಮನಿಸಬೇಕು. ಉತ್ತರ ಅಟ್ಲಾಂಟಿಕ್ ಎಂದರೆ ಚಳಿ, ಬಿರುಗಾಳಿ, ಮನೆಯೆತ್ತರದ ಅಲೆ. ಅದನ್ನು ಸೀಳಿಕೊಂಡು ಗಂಟೆಗೆ ಮೂವತ್ತು ನಾಟಿಕಲ್ ಮೈಲಿ ಓಡಬೇಕು. ಆದ್ದರಿಂದ ಮೈ ಸಪೂರ, ಮೂತಿ ಚೂಪು, ಹತ್ತೂವರೆ ಮೀಟರ್ ನೀರಿನೊಳಗೇ ಇರುವ ಆಳದ ಹೊಟ್ಟೆ, ನಾಲ್ಕು ಪ್ರೊಪೆಲ್ಲರ್. ಡೆಕ್ಕುಗಳು ಬಹುಪಾಲು ಮುಚ್ಚಿದಂಥವು. ಪ್ರಯಾಣಿಕರಲ್ಲಿ ಎರಡು ದರ್ಜೆ. ಹೊರಗೆ ಕೂತು ಬಿಸಿಲು ಕಾಯಿಸಿಕೊಳ್ಳುವ ಮಾತು ಅಲ್ಲಿ ನಡೆಯುತ್ತಿರಲಿಲ್ಲ.

1962ರ ಫೆಬ್ರವರಿಯಲ್ಲಿ ಅದು ಮೊದಲ ಸಲ ನ್ಯೂಯಾರ್ಕಿಗೆ ಹೊರಟಿತು. ಹೊಟ್ಟೆಬಾಕ ಬಾಯ್ಲರುಗಳು, ಸರ್ಕಾರದ ಸಹಾಯಧನ, ಎರಡೂ ಸೇರಿ ಹನ್ನೆರಡು ವರ್ಷ ದೂಡಿದವು. 1973ರಲ್ಲಿ ತೈಲದ ಬೆಲೆ ಏರಿತು, ಮರುವರ್ಷ ಸರ್ಕಾರ ಕೈ ತೊಳೆದುಕೊಂಡಿತು. ಸಿಬ್ಬಂದಿ ಸಿಟ್ಟಿಗೆದ್ದು ಲ ಹಾವ್ರ್ ಬಂದರಿನ ಬಾಯಲ್ಲೇ ಹಡಗನ್ನು ಅಡ್ಡ ನಿಲ್ಲಿಸಿ ಮುಷ್ಕರ ಹೂಡಿದರು. ಫಲವೇನೂ ಸಿಗಲಿಲ್ಲ. ಹಡಗು ಬಂದರಿನ ಒಂದು ಮೂಲೆಯಲ್ಲಿ ನಾಲ್ಕು ವರ್ಷ ಸುಮ್ಮನೆ ನಿಂತಿತು.

ಇಷ್ಟರಲ್ಲಿ ಇನ್ನೊಂದು ಕಡೆ ಇನ್ನೊಂದು ಆಟ ಶುರುವಾಗಿತ್ತು. ನಾರ್ವೆಯ ಕ್ನೂಟ್ ಕ್ಲೋಸ್ಟರ್ ಎಂಬ ಹಡಗು ಮಾಲೀಕ ಇಂಗ್ಲೆಂಡಿನಿಂದ ಜಿಬ್ರಾಲ್ಟರಿಗೆ ಓಡಿಸಲೆಂದು 'ಸನ್‌ವರ್ಡ್' ಎಂಬ ಹಡಗು ಕಟ್ಟಿಸಿದ್ದ. ರಾಜಕೀಯದ ಗಲಾಟೆಯಲ್ಲಿ ಆ ದಾರಿ ಮುಚ್ಚಿತು. 1966ರಲ್ಲಿ ಅದನ್ನು ಮಿಯಾಮಿಗೆ ತಂದು, ಟೆಡ್ ಅರಿಸನ್ ಎಂಬ ಉದ್ಯಮಿಯ ಜೊತೆ ಸೇರಿ, ಬಹಾಮಾಸಿಗೆ ಹೋಗಿ ಬರುವ ಮೋಜಿನ ಪ್ರವಾಸ ಆರಂಭಿಸಿದ. ಇಬ್ಬರೂ ಮುಂದೆ ಜಗಳವಾಡಿ ಬೇರೆಯಾದರು. ಅರಿಸನ್ 1972ರಲ್ಲಿ ಕಾರ್ನಿವಲ್ ಕಂಪನಿ ಕಟ್ಟಿದ. ಅದರ ಮೊದಲ ಹಡಗು ಮೊದಲ ಯಾನದಲ್ಲೇ ಮಿಯಾಮಿಯ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು! ಆದರೂ ಆ ಕಂಪನಿ ಇಂದು ಈ ವ್ಯಾಪಾರದಲ್ಲಿ ಜಗತ್ತಿನಲ್ಲೇ ದೊಡ್ಡದು.

1979ರಲ್ಲಿ ಕ್ಲೋಸ್ಟರ್ ಆ ನಿಂತ 'ಫ್ರಾನ್ಸ್' ಹಡಗನ್ನು 1.8 ಕೋಟಿ ಡಾಲರಿಗೆ ಕೊಂಡ. ಜರ್ಮನಿಯ ಬ್ರೆಮರ್‌ಹಾವನ್‌ನಲ್ಲಿ ಅದರ ರಿಪೇರಿ ನಡೆಯಿತು. ರಿಪೇರಿ ಎಂದರೆ ತಪ್ಪಾದೀತು, ಅದು ಕಸುಬನ್ನೇ ಬದಲಿಸುವ ಕೆಲಸ. ಎರಡು ಎಂಜಿನ್ ಕೋಣೆಗಳಲ್ಲಿ ಒಂದನ್ನು ನಿಲ್ಲಿಸಿದರು, ನಾಲ್ಕು ಪ್ರೊಪೆಲ್ಲರುಗಳಲ್ಲಿ ಎರಡನ್ನು ಕಿತ್ತರು. ಅವಸರವಿಲ್ಲದ ಹಡಗಿಗೆ ಅಷ್ಟೊಂದು ವೇಗ ಯಾತಕ್ಕೆ? ಮುಚ್ಚಿದ ಡೆಕ್ಕುಗಳು ಅಂಗಡಿಬೀದಿಗಳಾದವು, ಹಿಂಬದಿಯ ಡೆಕ್ಕು ಬಿಸಿಲಿಗೆ ತೆರೆದುಕೊಂಡಿತು. ಹೊಟ್ಟೆ ಆಳವಾದ್ದರಿಂದ ಕೆರಿಬಿಯನ್ನಿನ ಸಣ್ಣ ದ್ವೀಪಗಳ ಧಕ್ಕೆಗೆ ಹತ್ತಿರ ಹೋಗಲಾಗದು. ಅದಕ್ಕೆಂದು ಎರಡು ದೊಡ್ಡ ದೋಣಿಗಳನ್ನು ಮುಂಭಾಗದಲ್ಲಿ ಹೊರಿಸಿದರು. 1980ರಲ್ಲಿ ಅದು 'ನಾರ್ವೆ' ಎಂಬ ಹೆಸರಲ್ಲಿ ಮಿಯಾಮಿಗೆ ಬಂದಾಗ ಅಷ್ಟು ದೊಡ್ಡ ಕ್ರೂಸ್ ಹಡಗನ್ನು ಜಗತ್ತು ಕಂಡಿರಲಿಲ್ಲ. ಅದನ್ನು ತುಂಬಿಸಲು ಜನ ಎಲ್ಲಿಂದ ಬರುತ್ತಾರೆ ಎಂದವರ ಬಾಯಿ ಮುಚ್ಚಿಸುವಷ್ಟು ಜನ ಬಂದರು.

ಅದನ್ನು ನೋಡಿ ಉಳಿದವರು ಕಲಿತರು. ಅದೇ ಸೇಂಟ್ ನಜೇರ್‌ನಲ್ಲಿ ಕಟ್ಟಿದ 'ಸಾವರಿನ್ ಆಫ್ ದಿ ಸೀಸ್' 1988ರಲ್ಲಿ ಓಡತೊಡಗಿತು. 73,000 ಟನ್ನಿಗೂ ಹೆಚ್ಚು. ಅಂದಹಾಗೆ, ಈ ಟನ್ ತೂಕದ ಲೆಕ್ಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಪತ್ರಿಕೆಗಳೂ ಇಲ್ಲಿ ಎಡವುತ್ತವೆ. ಅದೇ ಯಾರ್ಡಿನಲ್ಲಿ 2016ರಲ್ಲಿ ಮುಗಿದ 'ಹಾರ್ಮನಿ ಆಫ್ ದಿ ಸೀಸ್' 2,26,000 ಟನ್ ದಾಟಿತು.

ಇಂದಿನ ಹಡಗನ್ನು ತಳದಿಂದ ಮೇಲಕ್ಕೆ ಒಂದೊಂದೇ ಹಲಗೆ ಜೋಡಿಸಿ ಕಟ್ಟುವುದಿಲ್ಲ. ಮನೆಗಾತ್ರದ ಉಕ್ಕಿನ ಬ್ಲಾಕುಗಳನ್ನು ಬೇರೆ ಬೇರೆ ಶೆಡ್ಡುಗಳಲ್ಲಿ, ಪೈಪು ವೈರುಗಳ ಸಮೇತ ತಯಾರಿಸಿ, ಕ್ರೇನಿನಲ್ಲಿ ಎತ್ತಿ ತಂದು ಡ್ರೈಡಾಕಿನಲ್ಲಿ ಬೆಸೆಯುತ್ತಾರೆ. ಮೊದಲ ಬ್ಲಾಕಿನ ಅಡಿಯಲ್ಲಿ ನಾಣ್ಯ ಇಡುವ ಹಳೆಯ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಕ್ಯಾಬಿನ್ನುಗಳು ಕಾರ್ಖಾನೆಯಲ್ಲೇ ಸಿದ್ಧ. ಹಾಸಿಗೆ, ಬಚ್ಚಲು, ಕನ್ನಡಿ ಎಲ್ಲ ಕೂಡಿಸಿಯೇ ಬಂದವನ್ನು ಮೇಜಿನ ಖಾನೆ ತಳ್ಳಿದಂತೆ ಹಡಗಿನ ಮಗ್ಗುಲಿಗೆ ತಳ್ಳುತ್ತಾರೆ. ಡೀಸೆಲ್ ಎಂಜಿನ್ನು ನೇರವಾಗಿ ಪ್ರೊಪೆಲ್ಲರ್ ತಿರುಗಿಸದೆ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟು ಅಡುಗೆಮನೆಗೂ ಏಸಿಗೂ ಪ್ರೊಪೆಲ್ಲರಿನ ಮೋಟಾರಿಗೂ ಹಂಚಿಹೋಗುತ್ತದೆ. ಹಡಗಿನ ಅಡಿಯಲ್ಲಿ ತೂಗುವ ಆ ಮೋಟಾರು ಸುತ್ತಲೂ ತಿರುಗಬಲ್ಲದು, ಚುಕ್ಕಾಣಿಯ ಅಗತ್ಯವೇ ಇಲ್ಲ. 1998ರ 'ಇಲೇಷನ್' ಇದನ್ನು ಅಳವಡಿಸಿಕೊಂಡ ಮೊದಲ ಕ್ರೂಸ್ ಹಡಗು. ಕುಡಿಯುವ ನೀರನ್ನು ಕಡಲ ನೀರಿನಿಂದಲೇ ಮಾಡಿಕೊಳ್ಳುತ್ತಾರೆ. 'ಫ್ರಾನ್ಸ್'ಗಿಂತ 'ಹಾರ್ಮನಿ' ಎಷ್ಟೋ ಪಾಲು ದೊಡ್ಡದು, ಆದರೆ ನೀರಲ್ಲಿ ಮುಳುಗುವುದು ಒಂಬತ್ತು ಮೀಟರ್ ಚಿಲ್ಲರೆ ಮಾತ್ರ. ಅಗಲ ಹೊಟ್ಟೆಯ ಮೇಲೆ ಬಾಲ್ಕನಿಗಳ ಬಹುಮಹಡಿ. ಅಂದಗೇಡಿ ಎಂದು ನನಗನ್ನಿಸುತ್ತದೆ, ಆದರೆ ಲೆಕ್ಕಾಚಾರದಲ್ಲಿ ತಪ್ಪಿಲ್ಲ.

ಇದರೊಳಗೆ ದುಡಿಯುವವರ ಸಂಗತಿ ಜಾಹೀರಾತಿನಲ್ಲಿ ಬರುವುದಿಲ್ಲ. 'ಹಾರ್ಮನಿ'ಯಂಥ ಹಡಗಿನಲ್ಲಿ ಸಿಬ್ಬಂದಿಯೇ ಎರಡು ಸಾವಿರದ ಮೇಲೆ. ಕಂಪನಿ ಮಿಯಾಮಿಯದು, ಬಾವುಟ ಬಹಾಮಾಸಿನದು, ಕೆಲಸದವರು ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದವರು. ಗೋವೆಯಿಂದಲೂ ನಮ್ಮ ಕರಾವಳಿಯಿಂದಲೂ ಎಷ್ಟೋ ಹುಡುಗರು ಅಡುಗೆಗೆ, ಸರ್ವಿಸಿಗೆ ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟಿನ ಮೇಲೆ ಹೋಗುತ್ತಾರೆ. ವಾರದ ರಜೆ ಎಂಬುದಿಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ದಿನಕ್ಕೆ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಅಂದರೆ ಯಾವುದಾದರೂ ಒಂದು ದಿನ ಉಳಿದ ಹದಿನಾಲ್ಕು ಗಂಟೆ ದುಡಿಸಿದರೂ ಕಾನೂನು ಕೇಳುವುದಿಲ್ಲ!

'ನಾರ್ವೆ'ಗೆ ಮರಳೋಣ. 2003ರ ಮೇ 25ರಂದು ಮಿಯಾಮಿಯಲ್ಲಿ ಅದರ ಹಳೆಯ ಬಾಯ್ಲರ್ ಸ್ಫೋಟಿಸಿತು. ಸತ್ತ ಎಂಟೂ ಜನ ಸಿಬ್ಬಂದಿಯೇ. ಅಲ್ಲಿಗೆ ಅದರ ಓಟ ಮುಗಿಯಿತು. ಎಳೆದುಕೊಂಡು ಜರ್ಮನಿಗೆ ಒಯ್ದರು, ಅಲ್ಲಿಂದ ಮಲೇಷ್ಯಾಕ್ಕೆ. 'ಬ್ಲೂ ಲೇಡಿ' ಎಂಬ ಹೊಸ ಹೆಸರಿಟ್ಟು 2006ರ ಆಗಸ್ಟಿನಲ್ಲಿ ಒಡೆಯಲೆಂದು ಗುಜರಾತಿನ ಅಲಂಗ್ ತೀರಕ್ಕೆ ತಂದರು. ಗೋಡೆಗೋಡೆಯಲ್ಲೂ ಆಸ್ಬೆಸ್ಟಾಸ್ ತುಂಬಿದ ಹಡಗು. ಬರಿಗೈಯಲ್ಲಿ ಒಡೆಯುವ ಕೂಲಿಯವರ ಶ್ವಾಸಕೋಶದ ಗತಿಯೇನು ಎಂದು ಪರಿಸರವಾದಿಗಳು ಸುಪ್ರೀಂ ಕೋರ್ಟಿಗೆ ಹೋದರು. 2007ರ ಸೆಪ್ಟೆಂಬರಿನಲ್ಲಿ ಕೋರ್ಟು ಒಡೆಯಲು ಅನುಮತಿ ಕೊಟ್ಟಿತು. ಯುರೋಪಿನ ಮಾನವನ್ನು ಹೊತ್ತ ಹಡಗಿನ ವಿಷದ ಪಾಲನ್ನು ಅಲಂಗಿನ ಕೂಲಿಯವನು ಹೊತ್ತದ್ದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಕತ್ತರಿಸಿ ತೆಗೆದ ಅದರ ಮೂತಿಯ ತುಂಡು ಮಾತ್ರ 2009ರಲ್ಲಿ ಪ್ಯಾರಿಸಿನಲ್ಲಿ ಹರಾಜಾಯಿತು.

ಕೊರೊನಾ ಕಾಲದಲ್ಲಿ ಅಲಂಗಿಗೆ ಮತ್ತೆ ಕ್ರೂಸ್ ಹಡಗುಗಳು ಬಂದವು. 2019ರಲ್ಲಿ ಮುಂಬೈಯಿಂದ ಓಡಾಟ ಶುರುಮಾಡಿದ್ದ 'ಕರ್ನಿಕಾ' ಎರಡು ವರ್ಷ ಕಳೆಯುವುದರೊಳಗೆ ಅಲ್ಲಿ ಒಡೆಯಲು ಹೋಯಿತು. ಅದರ ಜಾಗಕ್ಕೆ 2021ರಲ್ಲಿ 'ಎಂಪ್ರೆಸ್' ಬಂತು. ಇದೂ ಸೇಂಟ್ ನಜೇರ್‌ನದೇ, 1990ರ ಹಡಗು. ಮಿಯಾಮಿಯಿಂದ ಮೂರು ನಾಲ್ಕು ರಾತ್ರಿಯ ಪ್ರವಾಸಕ್ಕೆಂದೇ ಕಟ್ಟಿದ್ದು, ಒಂದಷ್ಟು ಕಾಲ ಹವಾನಾಕ್ಕೂ ಹೋಗಿ ಬಂದದ್ದು. ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆ ಅದು ಓಡತೊಡಗಿತು. ಅದಕ್ಕೆ ಟಿಕೆಟು ಮಾರುವವರು ಎಷ್ಟು ದೂರ ಎಂದು ಹೇಳುವುದಿಲ್ಲ, ಎಷ್ಟು ರಾತ್ರಿ ಎಂದು ಹೇಳುತ್ತಾರೆ. ಕೊಳ್ಳುವವರು ಕೇಳುವುದೂ ಅದನ್ನೇ.