ಧರ್ಮದಲ್ಲಿ ಅರಿವು ಮತ್ತು ನಂಬಿಕೆ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಧರ್ಮದ ವಿಷಯವಾಗಿ ಮಾತನಾಡುವಾಗ ‘ನಾನು ಬಲ್ಲೆನು’ ಎಂಬುದನ್ನೂ ‘ನಾನು ನಂಬುತ್ತೇನೆ’ ಎಂಬುದನ್ನೂ ಒಂದೇ ಅರ್ಥದಲ್ಲಿ ಬಳಸುವ ವಾಡಿಕೆಯು ನಮ್ಮಲ್ಲಿ ಬಲವಾಗಿದೆ. ಇವೆರಡೂ ಒಂದಲ್ಲವೆಂಬುದನ್ನೂ, ಇವನ್ನು ಬೆರಸುವುದರಿಂದ ಅರಿವಿಗೂ ನಂಬಿಕೆಗೂ ಕೇಡುಂಟೆಂಬುದನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಹೊತ್ತಿನ ನನ್ನ ಉದ್ದೇಶವಾಗಿದೆ.

ಈ ಭೇದವು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಕೆಲವರು ಎಣಿಸುವುದುಂಟು, ಅದು ಸರಿಯಲ್ಲ. ಯಾವ ಆಚಾರ್ಯರ ಹೆಸರಿನಿಂದ ನಮ್ಮ ನಾಡಿನ ಶೃಂಗೇರಿಯು ಪ್ರಸಿದ್ಧವಾಗಿದೆಯೋ ಆ ಶ್ರೀ ಶಂಕರರೇ ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಇದನ್ನು ವಿಶದಪಡಿಸಿದ್ದಾರೆ. ಜ್ಞಾನವು ವಸ್ತುವಿಗೆ ಅಧೀನವಾದುದು. ಉಪಾಸನೆಯು ಪುರುಷನಿಗೆ ಅಧೀನವಾದುದು. ಪುರುಷನನ್ನು ಅಗ್ನಿಯೆಂದು ಭಾವಿಸತಕ್ಕದ್ದೆಂಬ ಉಪಾಸನೆಯು ಛಾಂದೋಗ್ಯದಲ್ಲಿದೆ. ಹಾಗೆ ಭಾವಿಸುವುದು, ಭಾವಿಸದಿರುವುದು, ಬೇರೆ ಬಗೆಯಾಗಿ ಭಾವಿಸುವುದು ಮನುಷ್ಯನ ಇಚ್ಛೆಗೆ ಸೇರಿದುದು. ಆದರೆ ಒಲೆಯ ಬೆಂಕಿಯನ್ನು ಬೆಂಕಿಯೆಂದು ತಿಳಿಯುವುದಕ್ಕೆ ಯಾರ ವಿಧಿಯೂ ಬೇಕಿಲ್ಲ, ಯಾರ ನಿಷೇಧವೂ ಅದನ್ನು ತಡೆಯಲಾರದು. ಪ್ರತ್ಯಕ್ಷಕ್ಕೆ ಗೋಚರವಾದ ವಿಷಯದಲ್ಲಿ ಅದಕ್ಕೆ ವಿರುದ್ಧವಾಗಿ ಶ್ರುತಿಯೂ ಪ್ರಮಾಣವಾಗಲಾರದೆಂಬ ಅಭಿಪ್ರಾಯವನ್ನು ಅದೇ ಆಚಾರ್ಯರು ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಉಪಾಸನೆಯನ್ನು ಕುರಿತು ಅವರು ಹೇಳಿದುದು ನಂಬಿಕೆಗೂ ಬಹುಮಟ್ಟಿಗೆ ಸಲ್ಲುತ್ತದೆ. ನಂಬಿಕೆಯನ್ನು ಹಿರಿಯರಿಂದ ಪಡೆಯಬಹುದು, ಆಣೆಯಿಟ್ಟು ಉಳಿಸಿಕೊಳ್ಳಬಹುದು. ಅರಿವನ್ನು ಹಾಗೆ ಪಡೆಯಲಾಗದು. ವಸ್ತುವು ಹೇಗಿದೆಯೋ ಹಾಗೆಯೇ ಅದು ಇರಬೇಕು.

ಗ್ರಹಣದ ಉದಾಹರಣೆಯನ್ನು ನೋಡೋಣ. ಕ್ರಿ. ಶ. 499ರ ಸುಮಾರಿಗೆ ಆರ್ಯಭಟನು ಚಂದ್ರಗ್ರಹಣಕ್ಕೆ ಭೂಮಿಯ ನೆರಳೂ ಸೂರ್ಯಗ್ರಹಣಕ್ಕೆ ಚಂದ್ರನ ಮರೆಯೂ ಕಾರಣವೆಂದು ತಿಳಿಸಿದನು. ಕ್ರಿ. ಶ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನು, ರಾಹುವನ್ನು ಬಿಡುವ ಈ ಮತವು ವೇದಸ್ಮೃತಿಗಳಿಗೆ ವಿರುದ್ಧವಾದುದೆಂದು ಖಂಡಿಸಿದನು. ಆದರೆ ಅದೇ ಗ್ರಂಥದಲ್ಲಿ ಗ್ರಹಣವನ್ನು ಗಣಿಸುವಾಗ ಅವನು ತೆಗೆದುಕೊಂಡುದು ರಾಹುವಿನ ಬಾಯಿಯ ಅಳತೆಯನ್ನಲ್ಲ, ನೆರಳಿನ ಅಳತೆಯನ್ನು! ನಾಲ್ಕು ಶತಮಾನಗಳ ತರುವಾಯ ನಮ್ಮ ಶಾಸ್ತ್ರಗಳನ್ನು ಓದಿದ ಅಲ್ ಬಿರೂನಿಯು ಈ ಅಸಂಗತಿಯನ್ನು ಕಂಡು ಬೆರಗಾದನು. ಬ್ರಹ್ಮಗುಪ್ತನು ಮಹಾಮೇಧಾವಿ; ಅವನ ಗಣಿತಕ್ಕೆ ಲೋಕವೇ ಋಣಿಯಾಗಿದೆ. ಆದರೂ ನಂಬಿಕೆಯನ್ನು ಅರಿವಿನ ಪೀಠದಲ್ಲಿ ಕೂರಿಸಿದಾಗ ಅಂಥವನ ಮಾತೂ ಎರಡಾಯಿತು.

ಇದು ಹಳೆಯ ಕಾಲದ ಪಂಡಿತರ ವಾಗ್ವಾದವೆಂದು ತಾವು ಸುಮ್ಮನಾಗಕೂಡದು. 2019ನೆಯ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಅದರ ವೇಳೆಯನ್ನು ಮೊದಲೇ ಗಣಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದ್ದರು. ಅದೇ ದಿನ ಕಲಬುರ್ಗಿಯ ಸಮೀಪದಲ್ಲಿ ಅಂಗವಿಕಲರಾದ ಮಕ್ಕಳನ್ನು, ಅವರ ವೈಕಲ್ಯವು ನೀಗುವುದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರೆಂಬ ವರ್ತಮಾನವು ಬಂದಿತು. ಆ ತಾಯಿತಂದೆಗಳು ಕ್ರೂರಿಗಳಲ್ಲ. ಮಕ್ಕಳ ಮೇಲಿನ ಮಮತೆಯೇ ಅವರಿಂದ ಹಾಗೆ ಮಾಡಿಸಿತು. ನಂಬಿದುದನ್ನು ತಿಳಿದುದೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಅದಕ್ಕೆ ಬೆಲೆ ತೆತ್ತವರು ಮಾತ್ರ ಆ ಕೂಸುಗಳು.

ಹಾಗಾದರೆ ನಂಬಿಕೆಯನ್ನು ತೊರೆಯಬೇಕೇ? ಹಾಗೆ ಹೇಳುವುದು ನನ್ನ ಮತವಲ್ಲ. ನಮ್ಮ ಕನ್ನಡದ ‘ನಂಬು’ ಎಂಬ ಮಾತಿಗೆ ಎರಡು ಪ್ರಯೋಗಗಳಿವೆ. ‘ತಾಯಿಯನ್ನು ನಂಬಿದ್ದೇನೆ’ ಎನ್ನುವುದು ಒಂದು. ‘ಇದು ಹೀಗಿದೆಯೆಂದು ನಂಬಿದ್ದೇನೆ’ ಎನ್ನುವುದು ಮತ್ತೊಂದು. ಮೊದಲನೆಯದು ಮನಸ್ಸಿನ ಭರವಸೆ. ಭಕ್ತನು ದೇವರನ್ನು ನಂಬುವುದು ಈ ಬಗೆಯದು. ಅದು ಅವನಿಗೆ ದುಃಖದಲ್ಲಿ ಧೈರ್ಯವನ್ನೂ ಸುಖದಲ್ಲಿ ವಿನಯವನ್ನೂ ಕೊಡುತ್ತದೆ. ಗ್ರಹಣಕಾಲದಲ್ಲಿ ಒಬ್ಬನು ಸ್ನಾನಮಾಡಿ ಜಪಕ್ಕೆ ಕುಳಿತರೆ ನೆರಳಿನ ಗಣಿತವು ಅವನಿಗೆ ಅಡ್ಡಿಯಲ್ಲ. ಎರಡನೆಯದಾದರೋ ಲೋಕದ ವಸ್ತುಸ್ಥಿತಿಯನ್ನು ಕುರಿತ ಹೇಳಿಕೆ. ಮಣ್ಣಿನಲ್ಲಿ ಹೂತರೆ ಕಾಲು ಬರುವುದೆನ್ನುವವನು ಪರೀಕ್ಷೆಗೆ ಒಪ್ಪಲೇಬೇಕು. ಭಕ್ತಿಯ ಮರೆಯಲ್ಲಿ ನಿಂತು ಅದರಿಂದ ತಪ್ಪಿಸಿಕೊಳ್ಳುವುದು ಸಲ್ಲದು.

ಪರೀಕ್ಷೆಯಿಂದ ಎಲ್ಲರಿಗೂ ಒಂದೇ ಬಗೆಯಾಗಿ ತೀರ್ಮಾನವಾಗದ ವಿಷಯಗಳೂ ಧರ್ಮದಲ್ಲಿವೆ. ಶಂಕರರು, ರಾಮಾನುಜರು, ಮಧ್ವರು, ಈ ಮೂವರೂ ಒಂದೇ ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆದರು. ಮೂವರೂ ಪ್ರಮಾಣಗಳನ್ನು ಮುಂದಿಟ್ಟುಕೊಂಡೇ ವಾದಿಸಿದರು; ಆದರೂ ಜೀವಬ್ರಹ್ಮರ ಸಂಬಂಧದಲ್ಲಿ ಮೂರು ನಿರ್ಣಯಗಳಿಗೆ ಬಂದರು. ಶೃಂಗೇರಿ, ಮೇಲುಕೋಟೆ, ಉಡುಪಿಗಳು ಇಂದಿಗೂ ತಮ್ಮ ತಮ್ಮ ಸಂಪ್ರದಾಯಗಳನ್ನು ಕಾಯ್ದುಕೊಂಡಿವೆ. ಗ್ರಹಣದ ವೇಳೆಯಾದರೋ ಮೂರು ಕಡೆಗೂ ಒಂದೇ ಗಣಿತದಿಂದ ಸಿದ್ಧಿಸುತ್ತದೆ. ಸ್ವಾನುಭವದಿಂದ ಬ್ರಹ್ಮವನ್ನು ಅರಿತ ಮಹಾತ್ಮರು ಇರಬಹುದು. ಆದರೆ ಅವರ ಮಾತನ್ನು ಕೇಳಿದ ನಮ್ಮಲ್ಲಿರುವುದು ಅವರಲ್ಲಿಟ್ಟ ಶ್ರದ್ಧೆಯೇ ಹೊರತು ಆ ಅರಿವಲ್ಲ. ಶ್ರದ್ಧೆಯುಳ್ಳವನು ಜ್ಞಾನವನ್ನು ಪಡೆಯುವನೆಂದು ಗೀತೆಯು ಹೇಳುವಾಗಲೂ ಶ್ರದ್ಧೆಯನ್ನು ದಾರಿಯೆಂದಿತೇ ವಿನಾ ಜ್ಞಾನವೆಂದೇ ಕರೆಯಲಿಲ್ಲ.

ಈ ವಿವೇಕವು ತಪ್ಪಿದಲ್ಲಿ ಸಮಾಜಕ್ಕೆ ಅಪಾಯವುಂಟು. ತನ್ನ ನಂಬಿಕೆಯನ್ನು ಅರಿವೆಂದು ಬಗೆದವನಿಗೆ ಎದುರಿನವನು ಮೂರ್ಖನಾಗಿ ಇಲ್ಲವೇ ದುಷ್ಟನಾಗಿ ಕಾಣುತ್ತಾನೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವುಂಟಾದಾಗ ವಿಜಯನಗರದ ಬುಕ್ಕರಾಯನು ನಡೆದುಕೊಂಡ ಬಗೆಯನ್ನು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಅವನು ಯಾರನ್ನೂ ಮತ ಬಿಡೆನ್ನಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ವಾದ್ಯ, ಕಲಶಗಳ ಮರ್ಯಾದೆಯನ್ನು ಸ್ಥಿರಪಡಿಸಿ, ಅವರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದನು. ಹಕ್ಕು ಯಾವುದೆಂಬುದನ್ನು ಅರಸನು ವಿಚಾರಿಸಿ ತಿಳಿಯಬಲ್ಲನು. ಮತವು ಅವರವರ ನಂಬಿಕೆಗೆ ಬಿಟ್ಟುದು. 1956ನೆಯ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದುದೂ ಎಲ್ಲರದು ಒಂದೇ ಮತವೆಂಬ ಕಾರಣದಿಂದಲ್ಲ. ಜೈನರು, ವೀರಶೈವರು, ವೈಷ್ಣವರು, ಮುಸಲ್ಮಾನರು, ಕ್ರೈಸ್ತರು ತಮ್ಮ ತಮ್ಮ ನಂಬಿಕೆಗಳೊಡನೆಯೇ ಈ ನಾಡಿನ ಮಕ್ಕಳು.

ಉಪಾಧ್ಯಾಯ ಬಂಧುಗಳೇ, ಈ ಕಾರ್ಯದಲ್ಲಿ ತಮ್ಮ ಹೊಣೆಯು ದೊಡ್ಡದು. ಹುಡುಗನು ಎದ್ದು ನಿಂತು ‘ಗುರುಗಳೇ, ಇದು ನಿಜವೇ?’ ಎಂದು ಕೇಳಿದಾಗ ಅವನನ್ನು ಗದರಿಸಬೇಡಿರಿ. ತಿಳಿದುದಾದರೆ ‘ಇದನ್ನು ಬಲ್ಲೆವು, ತಿಳಿದ ಬಗೆ ಹೀಗೆ’ ಎಂದು ಪ್ರಮಾಣವನ್ನು ತೋರಿಸಿರಿ. ನಂಬಿಕೆಯಾದರೆ ‘ಇದನ್ನು ನಮ್ಮ ಹಿರಿಯರು ನಂಬಿದರು, ನಾವೂ ನಂಬುತ್ತೇವೆ, ಬೇರೆ ಬಗೆಯಾಗಿ ನಂಬುವ ಸಜ್ಜನರೂ ಇದ್ದಾರೆ’ ಎಂದು ಹೇಳಿರಿ. ಹಾಗೆ ಹೇಳುವುದರಿಂದ ದೇವರ ಮಹಿಮೆಗೆ ಕುಂದು ಬಾರದು, ಗುರುವಿನ ಗೌರವವೂ ಕುಗ್ಗದು. ಈ ಎರಡು ಉತ್ತರಗಳ ಅಂತರವನ್ನು ಕಲಿತ ಹುಡುಗನು ಮುಂದೆ ತನ್ನ ಮಗುವನ್ನು ಮಣ್ಣಿನಲ್ಲಿ ಹೂಳಲಾರನು. ನೆರೆಯವನ ಗುಡಿಯನ್ನಾಗಲಿ ಮಸೀದಿಯನ್ನಾಗಲಿ ದ್ವೇಷಿಸಲಾರನು.